ಕಸರತ್ತು ಮತ್ತು ನರಗಳ ದಣಿವು: ತಿಳಿದಿರಬೇಕಾದ ಸಂಗತಿಗಳು

ಪೊಲೀಸ್ ಅಥವಾ ಸೈನ್ಯ ಭರ್ತಿಯ ದಿನಗಳು ಹತ್ತಿರ ಬಂದಾಗ ಹೊರರೋಗಿ ವಿಭಾಗಕ್ಕೆ ತರುಣರು ಬರುತ್ತಾರೆ. ಜೊತೆಗೆ ತಾಯಿಯೋ ಅಣ್ಣನೋ ಇರುತ್ತಾರೆ. "ಸಿಸ್ಟರ್, ಇವಂಗ ನರ ವೀಕ್‌ನೆಸ್ ಆಗೇತ್ರಿ. ಹೋದ ತಿಂಗಳ ಚಲೋ ಓಡ್ತಿದ್ದ, ಈಗ ಕಾಲ ಎತ್ತಾಕ ಆಗವಲ್ದು. ಒಂದು ಬಾಟ್ಲಿ ಏರಿಸಿ ತಾಕತ್ತಿನ ಇಂಜೆಕ್ಷನ್ ಕೊಡ್ರಿ" ಎಂದು ಕೇಳುತ್ತಾರೆ.

ದಿನಚರಿ ವಿಚಾರಿಸಿದರೆ ಕಾರಣ ಅರ್ಧ ತಿಳಿಯುತ್ತದೆ. ನಸುಕಿನ 4 ಗಂಟೆಗೆ ಎದ್ದು 1600 ಮೀಟರ್ ಓಟ, ಸಂಜೆ ಉದ್ದ ಜಿಗಿತ, ದಂಡ, ಬೈಠಕ್, ರಾತ್ರಿ 12ರವರೆಗೆ ಲಿಖಿತ ಪರೀಕ್ಷೆಯ ಓದು. ವಾರದ ಏಳೂ ದಿನ ಇದೇ. ಇಂಥ ಅನೇಕರ ನರಗಳಿಗೆ ರೋಗವಿರುವುದಿಲ್ಲ, ದಣಿವಿರುತ್ತದೆ. ಈ ಎರಡರ ವ್ಯತ್ಯಾಸ ಗೊತ್ತಿಲ್ಲದೆ ಹಣ ವ್ಯರ್ಥವಾಗುತ್ತದೆ. ಕೆಲವೊಮ್ಮೆ ನಿಜವಾದ ರೋಗ ಕಣ್ತಪ್ಪಿ ಹೋಗುತ್ತದೆ.

ನರಗಳ ದಣಿವು ಎಂದರೇನು?

ನಾವು ಕಾಲೆತ್ತಬೇಕಾದರೆ ಮೆದುಳಿನಿಂದ ಆಜ್ಞೆ ಹೊರಡಬೇಕು. ಅದು ಬೆನ್ನುಹುರಿಗೆ ಇಳಿದು, ನರಗಳ ಮೂಲಕ ಸ್ನಾಯುವನ್ನು ತಲುಪಿದಾಗ ಸ್ನಾಯು ಬಿಗಿಯುತ್ತದೆ. ಹೊಲದ ಪಂಪ್‌ಸೆಟ್ ನೆನೆಸಿಕೊಳ್ಳಿ. ಮೋಟಾರು ಕೆಟ್ಟರೆ ನೀರು ಬರುವುದಿಲ್ಲ. ಮೋಟಾರು ಚೆನ್ನಾಗಿದ್ದರೂ ವೋಲ್ಟೇಜ್ ಕಡಿಮೆಯಾದರೆ ನೀರು ಸಣ್ಣಗಾಗುತ್ತದೆ. ಸ್ನಾಯುವಿನ ದಣಿವು ಮೋಟಾರಿನದು. ನರಗಳ ದಣಿವು ವೋಲ್ಟೇಜಿನದು: ಸ್ನಾಯುವಿನಲ್ಲಿ ಇನ್ನೂ ಶಕ್ತಿ ಇರುತ್ತದೆ, ಆದರೆ ಮೆದುಳು ಮತ್ತು ಬೆನ್ನುಹುರಿಯಿಂದ ಆಜ್ಞೆ ಪೂರ್ಣ ಬಲದಿಂದ ಬರುವುದಿಲ್ಲ.

ಇಟಲಿಯ ಟ್ಯೂರಿನ್ ನಗರದ ವಿಜ್ಞಾನಿ ಆಂಜೆಲೊ ಮೊಸ್ಸೊ 1891ರಲ್ಲೇ ದಣಿವಿನ ಬಗ್ಗೆ ಒಂದು ಗ್ರಂಥ ಪ್ರಕಟಿಸಿದರು. ಬೆರಳಿನಿಂದ ತೂಕ ಎತ್ತಿಸಿ ಅಳೆಯುವ ಯಂತ್ರವೊಂದನ್ನು ಅವರು ರೂಪಿಸಿದ್ದರು. ಗಂಟೆಗಟ್ಟಲೆ ವಿದ್ಯಾರ್ಥಿಗಳ ಪರೀಕ್ಷೆ ನಡೆಸಿ ಬಂದ ಅಧ್ಯಾಪಕರ ಬೆರಳು ಮೊದಲಿನಷ್ಟು ಸಲ ತೂಕ ಎತ್ತಲಿಲ್ಲ. ಬೆರಳು ಕೆಲಸ ಮಾಡಿರಲಿಲ್ಲ, ತಲೆ ಮಾಡಿತ್ತು. ರಾತ್ರಿಯೆಲ್ಲ ಓದಿ ನಸುಕಿನಲ್ಲಿ ಓಡುವವರು ಇದನ್ನು ನೆನಪಿಡಬೇಕು. ಓದು, ಚಿಂತೆ, ನಿದ್ದೆಗೇಡು ಎಲ್ಲವೂ ಓಟದ ಲೆಕ್ಕಕ್ಕೇ ಸೇರುತ್ತವೆ.

ಎಷ್ಟು ದಿನ ಇರುತ್ತದೆ?

ಸ್ವಲ್ಪ ಹೊತ್ತು ಭಾರ ಎತ್ತಿದ ನಂತರ ಈ ದಣಿವು ಕೆಲವೇ ನಿಮಿಷಗಳಲ್ಲಿ ಬಹುಪಾಲು ಇಳಿಯುತ್ತದೆ. ದೀರ್ಘ ಓಟದ ನಂತರ ಒಂದೆರಡು ದಿನ ಉಳಿಯಬಹುದು. ಇದು ಸಹಜ. ಆದರೆ ಚೇತರಿಸಿಕೊಳ್ಳಲು ಬಿಡದೆ ವಾರಗಟ್ಟಲೆ ದಣಿವಿನ ಮೇಲೆ ದಣಿವು ಹೇರಿದರೆ ನಿದ್ದೆ, ಹಸಿವು, ಮನಸ್ಸು ಎಲ್ಲ ಕೆಡುತ್ತವೆ. ಇದಕ್ಕೆ ಅತಿ ತರಬೇತಿ ಎನ್ನುತ್ತಾರೆ. ಬಲಿತರೆ ಸುಧಾರಿಸಲು ತಿಂಗಳುಗಳೇ ಬೇಕಾಗಬಹುದು.

ಗುರುತಿಸುವುದು ಹೇಗೆ?

1. ಹೆಚ್ಚು ಓಡಿದಷ್ಟೂ ಸಮಯ ಸುಧಾರಿಸುವ ಬದಲು ಹಿಂದೆ ಬೀಳುವುದು.
2. ದೇಹ ಸೋತಿದ್ದರೂ ರಾತ್ರಿ ನಿದ್ದೆ ಬಾರದಿರುವುದು.
3. ಸಣ್ಣ ಮಾತಿಗೂ ಸಿಟ್ಟು, ಮೈದಾನಕ್ಕೆ ಹೋಗಲು ಬೇಸರ.
4. ಹಸಿವು ಮತ್ತು ತೂಕ ಕಡಿಮೆಯಾಗುವುದು, ಪದೇ ಪದೇ ನೆಗಡಿ.
5. ಹೆಜ್ಜೆ ತಪ್ಪುವುದು, ಜಿಗಿತದ ಲೆಕ್ಕ ತಪ್ಪುವುದು.

ನಾಡಿ ನೋಡುವುದನ್ನೂ ಕಲಿಯಿರಿ. ಬೆಳಿಗ್ಗೆ ಎಚ್ಚರವಾದಾಗ ಹಾಸಿಗೆಯಲ್ಲೇ, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ, ಬರೆದಿಡಿ. ಎಂದಿಗಿಂತ 8-10 ಬಡಿತ ಹೆಚ್ಚಾಗಿ ಎರಡು ಮೂರು ದಿನ ಹಾಗೆಯೇ ಇದ್ದರೆ ಕಸರತ್ತು ಕಡಿಮೆ ಮಾಡಿ. ಜ್ವರ ಮತ್ತು ಆತಂಕದಿಂದಲೂ ನಾಡಿ ಏರುತ್ತದೆ. ನಾಡಿ ಸರಿಯಿದ್ದ ಮಾತ್ರಕ್ಕೆ ದಣಿವಿಲ್ಲ ಎಂದೂ ಅಲ್ಲ. ಆದ್ದರಿಂದ ಮೇಲಿನ ಲಕ್ಷಣಗಳೊಂದಿಗೆ ಸೇರಿಸಿ ನೋಡಬೇಕು.

ಬಾಟ್ಲಿ ಏರಿಸಿದರೆ ಶಕ್ತಿ ಬರುವುದೇ?

500 ಮಿ.ಲೀ. ಗ್ಲುಕೋಸ್ ಬಾಟ್ಲಿಯಲ್ಲಿ (5 ಪ್ರತಿಶತದ್ದು) ಇರುವ ಸಕ್ಕರೆ 25 ಗ್ರಾಂ ಮಾತ್ರ. ಒಂದು ಜೋಳದ ರೊಟ್ಟಿ ಇದಕ್ಕಿಂತ ಕಡಿಮೆ ಶಕ್ತಿ ಕೊಡುವುದಿಲ್ಲ. ಬಾಯಿಂದ ಊಟ ಮಾಡಬಲ್ಲವರಿಗೆ ಬಾಟ್ಲಿ ಬೇಡ. ನೋವಿನ ಗುಳಿಗೆ ನುಂಗಿ ಓಡುವುದಂತೂ ಅಪಾಯ. ಬೆವರಿ ನೀರು ಕಡಿಮೆಯಾದ ದೇಹದಲ್ಲಿ ಅದು ಮೂತ್ರಪಿಂಡಕ್ಕೆ ಹಾನಿ ಮಾಡಬಹುದು. ತಾಕತ್ತಿನ ಹೆಸರಿನಲ್ಲಿ ಸ್ಟೆರಾಯ್ಡ್ ಇಂಜೆಕ್ಷನ್ ಎಂದಿಗೂ ಬೇಡ. ಚಹಾ, ಕಾಫಿ, ಎನರ್ಜಿ ಡ್ರಿಂಕ್‌ಗಳು ದಣಿವನ್ನು ಮುಚ್ಚುತ್ತವೆಯೇ ಹೊರತು ಕಳೆಯುವುದಿಲ್ಲ.

ನಿಜವಾದ ಪರಿಹಾರ

ನಿದ್ದೆ ಮೊದಲ ಔಷಧಿ. 18 ವರ್ಷದೊಳಗಿನವರಿಗೆ 8ರಿಂದ 10 ಗಂಟೆ, ದೊಡ್ಡವರಿಗೆ ಕನಿಷ್ಠ 7 ಗಂಟೆ ಬೇಕು. ನಸುಕಿನಲ್ಲಿ ಓಡುವವರು ರಾತ್ರಿ 9ಕ್ಕೆ ಮಲಗಲಿ.

ವಾರದಲ್ಲಿ ಜೋರಿನ ಓಟ ಎರಡು ಅಥವಾ ಮೂರು ದಿನ ಸಾಕು, ಅದೂ ಒಂದು ದಿನ ಬಿಟ್ಟು. ಉಳಿದ ದಿನ ಹಗುರ ಓಟ, ಒಂದು ದಿನ ಪೂರ್ಣ ಬಿಡುವು. ಪರೀಕ್ಷೆಗೆ ಒಂದು ವಾರ ಇರುವಾಗ ಓಟದ ಪ್ರಮಾಣ ಅರ್ಧದಷ್ಟಕ್ಕೆ ಇಳಿಸಿ. ಆಗ ಮಾಡಿದ ಕಸರತ್ತು ಕೈಗೂಡುತ್ತದೆ.

ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಹಾಲು, ಮೊಸರು, ಬಾಳೆಹಣ್ಣು ಹೊಟ್ಟೆ ತುಂಬ ಕೊಡಿ. ಬರಿಹೊಟ್ಟೆಯಲ್ಲಿ ಜೋರಾಗಿ ಓಡಿಸಬೇಡಿ.

ಎರಡು ವಾರ ಬಿಡುವು ಕೊಟ್ಟರೂ ಸುಧಾರಿಸದಿದ್ದರೆ ವೈದ್ಯರಿಗೆ ತೋರಿಸಿ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ ಇವೆಯೇ ಎಂದು ಪರೀಕ್ಷಿಸಬೇಕಾಗುತ್ತದೆ. ಸಸ್ಯಾಹಾರಿಗಳಲ್ಲಿ ಬಿ-12 ಜೀವಸತ್ವದ ಕೊರತೆ ಹೆಚ್ಚು. ಇದನ್ನು ರಕ್ತ ಪರೀಕ್ಷೆಯಿಂದ ತಿಳಿಯಬಹುದು.

ಇವು ದಣಿವಲ್ಲ, ತಡಮಾಡಬೇಡಿ

* ಕೈಕಾಲು ಜೋಮು ಹಿಡಿದು ಬಿಡದಿರುವುದು, ಒಂದೇ ಕೈ ಅಥವಾ ಕಾಲಿನ ಬಲ ಕುಂದುವುದು, ಪಾದ ಜೋತು ಬೀಳುವುದು.
* ಬೆನ್ನುನೋವಿನೊಂದಿಗೆ ಮಲಮೂತ್ರದ ಹಿಡಿತ ತಪ್ಪುವುದು ಅಥವಾ ಮೂತ್ರ ಕಟ್ಟುವುದು.
* ಕಸರತ್ತಿನ ನಂತರ ಸ್ನಾಯು ಬಾತು, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗುವುದು.
* ಓಡುವಾಗ ಎದೆನೋವು ಅಥವಾ ಪ್ರಜ್ಞೆ ತಪ್ಪುವುದು.
* ಬಿಸಿಲಿನಲ್ಲಿ ಮೈ ಕಾದು ತೊದಲುವುದು, ಗೊಂದಲವಾಗುವುದು. ಕೂಡಲೇ ನೆರಳಿಗೆ ತಂದು, ಮೈಮೇಲೆ ತಣ್ಣೀರು ಸುರಿದು, ಗಾಳಿ ಬೀಸುತ್ತ ಆಸ್ಪತ್ರೆಗೆ ತನ್ನಿ.

ಪಾಲಕರಲ್ಲಿ ಒಂದು ಮಾತು

ವಯಸ್ಸು ಮೀರಿದರೆ ನೌಕರಿ ಕೈತಪ್ಪುತ್ತದೆ ಎಂಬ ಆತಂಕ ಮನೆಯವರಿಗೆಲ್ಲ ಇರುತ್ತದೆ. ಆ ಆತಂಕದಲ್ಲಿ ಮಗ ಒಂದು ದಿನ ಮಲಗಿದರೂ ಸೋಮಾರಿ ಎನ್ನುತ್ತೇವೆ. ನಮ್ಮ ರೈತರು ಸೋಮವಾರ ಎತ್ತುಗಳನ್ನು ಹೂಡುವುದಿಲ್ಲ. ಬಿತ್ತನೆಯ ಅವಸರವಿದ್ದರೂ ಬಸವಣ್ಣನಿಗೆ ಆ ದಿನ ಬಿಡುವು. ದುಡಿಯುವ ಮಗನಿಗೂ ಮಗಳಿಗೂ ವಾರದಲ್ಲಿ ಅಂಥ ಒಂದು ದಿನ ಕೊಡಿ. ಕಾಯಕ ಮಾಡುವುದು ಈ ಕಾಯದಿಂದಲೇ. ಅದನ್ನು ಕಾಪಾಡಿಕೊಳ್ಳುವುದೂ ಕಾಯಕದ ಒಂದು ಭಾಗ.

ಸಂದೇಹವಿದ್ದರೆ ವಾರ್ಡಿನ ಸಿಸ್ಟರ್‌ಗಳನ್ನು ಸಂಕೋಚವಿಲ್ಲದೆ ಕೇಳಿರಿ. ನಾಡಿ ಎಣಿಸುವುದನ್ನು ನಿಮ್ಮ ಕೈಹಿಡಿದು ಕಲಿಸಿಕೊಡುತ್ತೇವೆ.