ನಾಡಿನ ವಾರ್ತೆ: ಸ್ಕಾಟ್ಲೆಂಡಿನ ಒಂದು ವಿವಾದ

'ವಾರ್ತೆ' ಎಂಬ ಶಬ್ದವು ಇಂದು ಸುದ್ದಿ ಎಂಬ ಅರ್ಥದಲ್ಲಿ ಮಾತ್ರ ರೂಢವಾಗಿದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಾದರೋ ಅದು ನಾಲ್ಕು ವಿದ್ಯೆಗಳಲ್ಲಿ ಒಂದು. ಕೃಷಿ, ಪಶುಪಾಲನೆ, ವಾಣಿಜ್ಯ ಈ ಮೂರಕ್ಕೂ ಸೇರಿ ಅಲ್ಲಿ ವಾರ್ತೆಯೆಂದು ಹೆಸರು. ಜೀವನವೃತ್ತಿಗೆ ಸಂಬಂಧಪಟ್ಟುದು ಯಾವುದೋ ಅದೇ ವಾರ್ತೆ. ಈ ಹಳೆಯ ಅರ್ಥವನ್ನು ನೆನಪಿನಲ್ಲಿರಿಸಿಕೊಂಡರೆ, ಬ್ರಿಟನ್ನಿನ ಉತ್ತರ ಭಾಗದಲ್ಲಿ ಕಾಲು ಶತಮಾನಕ್ಕೂ ಮಿಕ್ಕಿ ನಡೆದುಬಂದ ಒಂದು ವಿವಾದದ ತಿರುಳು ಬೇಗ ಕೈಗೆ ಸಿಕ್ಕುತ್ತದೆ.

ಸ್ಕಾಟ್ಲೆಂಡು 1707ರಲ್ಲಿ ಇಂಗ್ಲೆಂಡಿನೊಡನೆ ಒಂದಾಯಿತಾದರೂ ತನ್ನ ನ್ಯಾಯಾಲಯಗಳನ್ನು, ಚರ್ಚನ್ನು, ಶಿಕ್ಷಣಪದ್ಧತಿಯನ್ನು ಬಿಟ್ಟುಕೊಡಲಿಲ್ಲ. 1997ರ ಸೆಪ್ಟೆಂಬರ್ 11ರಂದು ನಡೆದ ಜನಮತಗಣನೆಯ ಫಲವಾಗಿ 1999ರಲ್ಲಿ ಎಡಿನ್‌ಬರೋ ನಗರದಲ್ಲಿ ಅದರದೇ ಸಂಸತ್ತು ಆರಂಭವಾಯಿತು. ಆರೋಗ್ಯ, ಶಿಕ್ಷಣ, ಪೊಲೀಸು, ಬೇಸಾಯ ಇವೆಲ್ಲ ಅದರ ವಶಕ್ಕೆ ಬಂದುವು. ರಕ್ಷಣೆ, ವಿದೇಶಾಂಗ ವ್ಯವಹಾರಗಳು ಲಂಡನ್ನಿನಲ್ಲಿಯೇ ಉಳಿದುವು. ಅವುಗಳೊಂದಿಗೆ, 1998ರ ಶಾಸನದ ಮೇರೆಗೆ, ಪ್ರಸಾರವೂ ಅಲ್ಲಿಯೇ ಉಳಿಯಿತು. ಆಸ್ಪತ್ರೆಯನ್ನು ನಡೆಸುವ ಹೊಣೆ ನಾಡಿನದು. ಆ ಆಸ್ಪತ್ರೆಯ ಸುದ್ದಿಯನ್ನು ಮನೆಮನೆಗೆ ಮುಟ್ಟಿಸುವ ವ್ಯವಸ್ಥೆಯ ಕಾನೂನು ಮಾತ್ರ ಬೇರೆಡೆಯದು.

ಬಿ.ಬಿ.ಸಿ.ಯ ಸಂಜೆಯ ಕ್ರಮ ಹೀಗಿತ್ತು: ಆರು ಗಂಟೆಗೆ ಲಂಡನ್ನಿನಿಂದ ಇಡೀ ದೇಶಕ್ಕೆ ಅರ್ಧ ಗಂಟೆಯ ವಾರ್ತೆ, ಅನಂತರ 'ರಿಪೋರ್ಟಿಂಗ್ ಸ್ಕಾಟ್ಲೆಂಡ್' ಎಂಬ ಪ್ರಾಂತೀಯ ವಾರ್ತೆ. ಮೇಲುನೋಟಕ್ಕೆ ಇದರಲ್ಲಿ ದೋಷವೇನೂ ಕಾಣದು. ಆದರೆ ಪ್ರೊಫೆಸರ್ ಆಂಥೊನಿ ಕಿಂಗ್ ಅವರು 2008ರಲ್ಲಿ ಬಿ.ಬಿ.ಸಿ.ಯ ಟ್ರಸ್ಟಿಗೆ ಸಲ್ಲಿಸಿದ ವರದಿಯನ್ನು ಓದಿದವರಿಗೆ ದೋಷವೆಲ್ಲಿದೆಯೆಂಬುದು ತಿಳಿಯಿತು. ಪರೀಕ್ಷೆಗೆ ತೆಗೆದುಕೊಂಡ ಅವಧಿಯಲ್ಲಿ ಆರೋಗ್ಯ ಮತ್ತು ಶಿಕ್ಷಣಗಳನ್ನು ಕುರಿತು ಬಂದ 136 ಸುದ್ದಿಗಳೂ ಇಂಗ್ಲೆಂಡಿಗೆ ಮಾತ್ರ ಸಂಬಂಧಿಸಿದ್ದುವು. ಗ್ಲಾಸ್ಗೋದ ಗೃಹಸ್ಥನೊಬ್ಬನು ಶಾಲಾ ಪರೀಕ್ಷೆಗಳು ಬದಲಾದುವೆಂದು ಕೇಳಿ ಚಿಂತಿಸಿದರೆ, ಅದು ತನ್ನ ಮಗುವಿನ ಪರೀಕ್ಷೆಯಲ್ಲವೆಂದು ಅವನಿಗೆ ಹೇಳುವವರಾರು? ನೆರೆಮನೆಯ ರೋಗಿಗೆ ವೈದ್ಯರು ಬರೆದ ಚೀಟಿಯನ್ನು ಹಿಡಿದು ತಾನು ಔಷಧ ಕುಡಿದಂತಾಯಿತು. ಕೌಟಿಲ್ಯನ ಅರ್ಥದಲ್ಲಿ ಅದು ಆ ಗೃಹಸ್ಥನಿಗೆ ವಾರ್ತೆಯೇ ಅಲ್ಲ.

ಇದು ಬರಿಯ ಅಭಿಮಾನದ ಮಾತೆಂದು ತಳ್ಳಿಹಾಕುವವರು 2020ರ ಮೇ ತಿಂಗಳನ್ನು ನೆನೆಯಬೇಕು. ಕೊರೋನಾ ಸಾಂಕ್ರಾಮಿಕದ ನಡುವೆ ಮೇ 10ರ ಭಾನುವಾರ ಸಂಜೆ ಪ್ರಧಾನಿ ಬೋರಿಸ್ ಜಾನ್ಸನ್ ಅವರು ದೂರದರ್ಶನದಲ್ಲಿ ನಿರ್ಬಂಧಗಳ ಸಡಿಲಿಕೆಯನ್ನು ಸಾರಿದರು. ಮನೆಯಲ್ಲೇ ಇರಿ ಎಂಬ ಮಾತಿನ ಬದಲಿಗೆ ಎಚ್ಚರದಿಂದಿರಿ ಎಂಬ ಮಾತು ಬಂದಿತು. ಸಾರಿದ್ದು ಇಡೀ ಬ್ರಿಟನ್ನಿಗೆ ಕೇಳಿಸಿತು. ಆ ಸಡಿಲಿಕೆ ಅನ್ವಯಿಸಿದ್ದು ಮುಖ್ಯವಾಗಿ ಇಂಗ್ಲೆಂಡಿಗೆ. ಸ್ಕಾಟ್ಲೆಂಡಿನ ಪ್ರಥಮ ಮಂತ್ರಿ ನಿಕೋಲಾ ಸ್ಟರ್ಜನ್ ಅವರು ಮನೆಯಲ್ಲೇ ಇರಿ ಎಂಬ ಹಳೆಯ ಆಜ್ಞೆಯನ್ನೇ ಉಳಿಸಿದ್ದರು. ಯಾವ ನಿಯಮ ಯಾರದೆಂಬ ವಿವೇಕ ಅಂದು ಪ್ರಾಣದ ಪ್ರಶ್ನೆಯಾಗಿತ್ತು.

ಈ ಕೊರತೆಯನ್ನು ಮೊದಲೇ ಊಹಿಸಿದವರಿಲ್ಲದಿಲ್ಲ. 1998ರಲ್ಲಿಯೇ 'ಸ್ಕಾಟಿಷ್ ಸಿಕ್ಸ್' ಎಂಬ ಸಲಹೆ ಎದ್ದಿತ್ತು. ಆರು ಗಂಟೆಯ ವಾರ್ತೆಯನ್ನು ಸ್ಕಾಟ್ಲೆಂಡಿನಲ್ಲೇ ಸಿದ್ಧಪಡಿಸಿ, ಊರಿನ ಸುದ್ದಿ, ದೇಶದ ಸುದ್ದಿ, ಲೋಕದ ಸುದ್ದಿ ಮೂರನ್ನೂ ಆಯಾ ಮಹತ್ತ್ವಕ್ಕೆ ತಕ್ಕಂತೆ ಅಲ್ಲಿಯವರೇ ಜೋಡಿಸಬೇಕೆಂಬುದು ಅದರ ಸಾರ. ಆಗ ಸಂಸ್ಥೆಯ ಮಹಾನಿರ್ದೇಶಕರಾಗಿದ್ದ ಜಾನ್ ಬರ್ಟ್ ಅವರು ಅದು ದೇಶದ ಏಕತೆಗೆ ಮಾರಕವೆಂದು ಬಗೆದು, ತಡೆಯುವುದಕ್ಕಾಗಿ ಪ್ರಧಾನಿ ಟೋನಿ ಬ್ಲೇರ್ ಅವರವರೆಗೂ ಹೋದರು. 2002ರ ತಮ್ಮ ಆತ್ಮಕಥೆಯಲ್ಲಿ ಇದನ್ನು ಅವರೇ ಹೇಳಿಕೊಂಡಿದ್ದಾರೆ. ಸಲಹೆ ತಿರಸ್ಕೃತವಾಯಿತು. ಸಮಾಧಾನಕ್ಕೆಂಬಂತೆ 1999ರಲ್ಲಿ ರಾತ್ರಿಯ ವಾರ್ತಾಚರ್ಚೆಯ ಕೊನೆಯ ಇಪ್ಪತ್ತು ನಿಮಿಷಗಳು ಸ್ಕಾಟ್ಲೆಂಡಿಗೆ ದೊರೆತುವು.

ಬರ್ಟ್ ಅವರ ಅಂಜಿಕೆಯನ್ನು ಹಗುರವಾಗಿ ಕಾಣುವಂತಿಲ್ಲ. ಒಂದು ದೇಶದ ಜನ ಒಂದೇ ಹೊತ್ತಿನಲ್ಲಿ ಒಂದೇ ಸುದ್ದಿ ಕೇಳುವುದರಲ್ಲಿ ಒಂದು ಬೆಸುಗೆಯಿದೆ. ಆದರೆ ಸ್ವಂತ ವಾರ್ತೆ ದೊರೆಯದಿದ್ದಾಗಲೂ 2014ರ ಸೆಪ್ಟೆಂಬರ್ 18ರಂದು ಸ್ವಾತಂತ್ರ್ಯದ ಜನಮತಗಣನೆ ನಡೆದೇ ನಡೆಯಿತು. ನೂರಕ್ಕೆ ಸುಮಾರು 45ರಷ್ಟು ಮತಗಳು ಬೇರ್ಪಡಬೇಕೆಂಬ ಪಕ್ಷಕ್ಕೆ ಬಿದ್ದುವು. ಆ ದಿನಗಳಲ್ಲಿ ಗ್ಲಾಸ್ಗೋದ ಬಿ.ಬಿ.ಸಿ. ಕಚೇರಿಯ ಮುಂದೆಯೇ ಜನ ಪ್ರತಿಭಟಿಸಿದರು. ವಾರ್ತೆಯನ್ನು ತಡೆಹಿಡಿದುದರಿಂದ ಬೆಸುಗೆ ಗಟ್ಟಿಯಾಯಿತೆಂದು ಹೇಳಲು ಆಧಾರವಿಲ್ಲ.

ಇನ್ನೊಂದು ಆಕ್ಷೇಪ ಯೋಗ್ಯತೆಯದು: ಸಣ್ಣ ನಾಡು ಲೋಕದ ಸುದ್ದಿಯನ್ನು ಸಮರ್ಥವಾಗಿ ಕೊಡಬಲ್ಲುದೇ? ಇದಕ್ಕೆ ಉತ್ತರ ಸ್ಕಾಟ್ಲೆಂಡಿನ ಮನೆಯೊಳಗೇ ಇತ್ತು. 1973ರಲ್ಲಿ ಆರಂಭವಾದ 'ಗುಡ್ ಮಾರ್ನಿಂಗ್ ಸ್ಕಾಟ್ಲೆಂಡ್' ಎಂಬ ರೇಡಿಯೋ ಕಾರ್ಯಕ್ರಮ ದಶಕಗಳ ಕಾಲ ಬೆಳಗಿನ ಹೊತ್ತು ಊರು, ದೇಶ, ಪರದೇಶಗಳ ಸುದ್ದಿಯನ್ನು ಒಟ್ಟಿಗೇ ಕೊಡುತ್ತಿತ್ತು. 2008ರಲ್ಲಿ ಗೇಲಿಕ್ ಭಾಷೆಗಾಗಿ 'ಬಿ.ಬಿ.ಸಿ. ಆಲ್ಬಾ' ವಾಹಿನಿ ಹುಟ್ಟಿದಾಗ, ಅದರ ವಾರ್ತೆಯೂ ಇದೇ ಬಗೆಯದಾಯಿತು. 2011ರ ಜನಗಣತಿಯಲ್ಲಿ ಗೇಲಿಕ್ ಬಲ್ಲ ಮಾತುಗಾರರು ಸುಮಾರು 57 ಸಾವಿರ. ಅಷ್ಟು ಮಂದಿಗೆ ಸಾಧ್ಯವಾದುದು ಐವತ್ತು ಲಕ್ಷಕ್ಕೂ ಮೀರಿದ ಇಂಗ್ಲಿಷ್ ಮಾತಿನ ಸ್ಕಾಟರಿಗೆ ಏಕೆ ಅಸಾಧ್ಯ? ವೇಲ್ಸಿನ ಕಥೆಯೂ ಇದೇ. ಅಲ್ಲಿ 1980ರಲ್ಲಿ ಗ್ವಿನ್‌ಫರ್ ಇವಾನ್ಸ್ ಅವರು ಆಮರಣ ಉಪವಾಸ ಕೈಕೊಳ್ಳುವೆನೆಂದ ಮೇಲೆ ಸರಕಾರ ಮಣಿಯಿತು; 1982ರ ನವೆಂಬರ್ 1ರಂದು ವೆಲ್ಷ್ ಭಾಷೆಯ ವಾಹಿನಿ ತನ್ನ ವಾರ್ತೆಯೊಡನೆ ಬಂದಿತು.

ಇಲ್ಲಿ ಕನ್ನಡಿಗರು ಗಮನಿಸತಕ್ಕ ಸೂಕ್ಷ್ಮವೊಂದಿದೆ. ಭಾಷೆ ಬೇರೆಯಾದಲ್ಲಿ ವಾರ್ತೆ ಬೇರೆಯಾಗುವುದು ಸಹಜವೆಂದು ಎಲ್ಲರೂ ಒಪ್ಪುತ್ತಾರೆ. ಕನ್ನಡದಲ್ಲಿ ಲೋಕದ ಸುದ್ದಿ ಕೇಳುವುದನ್ನು ಯಾರೂ ಪ್ರತ್ಯೇಕತೆಯೆನ್ನುವುದಿಲ್ಲ. ಸ್ಕಾಟರು ಬಹುಪಾಲು ಆಳುವವರ ಭಾಷೆಯನ್ನೇ ಆಡುತ್ತಾರೆ. ಆದುದರಿಂದ ಅವರ ಬೇರೆತನ ಕಿವಿಗೆ ಬೀಳುವುದಿಲ್ಲ, ಅವರ ಬೇಡಿಕೆ ರಾಜಕಾರಣವೆಂದು ತೋರುತ್ತದೆ.

ಕಡೆಗೆ 2019ರ ಫೆಬ್ರುವರಿ 24ರಂದು 'ಬಿ.ಬಿ.ಸಿ. ಸ್ಕಾಟ್ಲೆಂಡ್' ಎಂಬ ಹೊಸ ವಾಹಿನಿ, ಮರುದಿನದಿಂದ ರಾತ್ರಿ ಒಂಬತ್ತಕ್ಕೆ 'ದಿ ನೈನ್' ಎಂಬ ಒಂದು ಗಂಟೆಯ ವಾರ್ತೆ ಆರಂಭವಾದುವು. ಬಯಸಿದ ವಾರ್ತೆ ದೊರೆಯಿತು, ನೋಡುಗರು ದೊರೆಯಲಿಲ್ಲ. 2024ರಲ್ಲಿ ಅದನ್ನು ನಿಲ್ಲಿಸುವ ನಿರ್ಧಾರ ಹೊರಬಿತ್ತು. ಜನಕ್ಕೆ ಬೇಕಿರಲಿಲ್ಲವೆಂದು ವಿರೋಧಿಗಳು ಬೀಗಿದರು. ಈ ತರ್ಕ ನಿಲ್ಲತಕ್ಕುದಲ್ಲ. ಕೇಳಿದ್ದು ಆರು ಗಂಟೆಯ ಹೊತ್ತನ್ನು, ಎಲ್ಲರೂ ನೋಡುವ ಮುಖ್ಯ ವಾಹಿನಿಯಲ್ಲಿ. ಕೊಟ್ಟಿದ್ದು ಹೊಸದೊಂದು ವಾಹಿನಿಯ ಮೂಲೆಯನ್ನು, ಜನ ಬೇರೆ ಕಾರ್ಯಕ್ರಮಗಳಿಗೆ ಕುಳಿತಿರುವ ವೇಳೆಯಲ್ಲಿ. ಪೇಟೆಯಲ್ಲಿ ಅಂಗಡಿ ಬೇಡಿದವನಿಗೆ ಊರಾಚೆ ಜಾಗ ಕೊಟ್ಟು, ಗಿರಾಕಿಗಳಿಲ್ಲವೆಂದು ದೂರಿದರೆ ಹೇಗೆ? 'ರಿಪೋರ್ಟಿಂಗ್ ಸ್ಕಾಟ್ಲೆಂಡ್' ಮಾತ್ರ ತನ್ನ ವೇಳೆಯಲ್ಲಿ ಬಹುಜನರ ವಾರ್ತೆಯಾಗಿಯೇ ಉಳಿದಿದೆಯೆಂಬುದನ್ನು ಮರೆಯಬಾರದು.

2025ರ ಜನವರಿಯಿಂದ ಅದೇ ಹೊಸ ವಾಹಿನಿಯಲ್ಲಿ ಸಂಜೆ ಏಳು ಗಂಟೆಗೆ ಅರ್ಧ ಗಂಟೆಯ ವಾರ್ತೆಯೊಂದು ಬರತೊಡಗಿತು. ನಾಡು, ದೇಶ, ಲೋಕ ಮೂರರ ಸುದ್ದಿಯೂ ಅದರಲ್ಲಿ ಸೇರಿದೆ. ಮುಖ್ಯ ವಾಹಿನಿಯ ಆರು ಗಂಟೆಯ ಹೊತ್ತು ಮಾತ್ರ ಲಂಡನ್ನಿನ ಕೈ ಬಿಟ್ಟಿಲ್ಲ.