ಹೊಸ ಮನೆಯ ಮಾಳಿಗೆಗೆ ಅಡ್ಡಗೋಡೆ ಇದೆಯೇ?



ಅಪಘಾತದಲ್ಲಿ ಯಾರಾದರೂ ತೀರಿಕೊಂಡ ಮನೆಗೆ ಹೋದಾಗ ನಮ್ಮ ಬಾಯಿಂದ ಮೊದಲು ಬರುವ ಮಾತು "ಎಲ್ಲ ದೇವರ ಚಿತ್ತ" ಎಂಬುದು. ಅಳುತ್ತಿರುವವರ ಮುಂದೆ ಬೇರೇನು ಹೇಳಲು ಸಾಧ್ಯ? ಆ ಹೊತ್ತಿನಲ್ಲಿ ತಪ್ಪು ಹುಡುಕುವುದು ಸಲ್ಲದು. ಆದರೆ ನಮ್ಮ ಮನೆಗೆ ಹಿಂತಿರುಗಿದ ಮೇಲೂ ಅದೇ ಮಾತನ್ನು ಹೇಳಿಕೊಂಡು, ಅಂಗಳದ ಸಂಪಿನ ಒಡೆದ ಮುಚ್ಚಳವನ್ನು ಹಾಗೆಯೇ ಬಿಟ್ಟರೆ, ಸಾಂತ್ವನದ ಆ ಮಾತು ನಮಗೆ ನೆಪವಾಗಿಬಿಡುತ್ತದೆ.

ಪ್ರಭು ಯೇಸುವಿನ ಕಾಲದಲ್ಲೂ ಇಂಥ ಕಲ್ಪನೆಗಳಿದ್ದವು. ಸಿಲೋವಾಮಿನ ಗೋಪುರ ಕುಸಿದು 18 ಮಂದಿ ಸತ್ತಿದ್ದರು. ಅವರು ಜೆರುಸಲೇಮಿನ ಇತರ ಎಲ್ಲರಿಗಿಂತ ಹೆಚ್ಚು ಪಾಪಿಗಳಾಗಿದ್ದರೇ ಎಂದು ಕೇಳಿದ ಪ್ರಭು, ಇಲ್ಲವೆಂದು ತಾವೇ ಉತ್ತರಿಸಿದರು (ಲೂಕ 13). ಅಪಘಾತವನ್ನು ದೇವರ ಶಿಕ್ಷೆ ಎಂದು ಪಿಸುಗುಟ್ಟುವವರು ಈ ಭಾಗವನ್ನು ಮತ್ತೊಮ್ಮೆ ಓದಬೇಕು. ದೇವಾಲಯದ ಶಿಖರದಿಂದ ಧುಮುಕು, ದೇವದೂತರು ಹಿಡಿದುಕೊಳ್ಳುತ್ತಾರೆ ಎಂದು ಸೈತಾನನು ಕೀರ್ತನೆಯ ಮಾತನ್ನೇ ಎತ್ತಿ ಆಡಿದಾಗಲೂ ಪ್ರಭು ಧುಮುಕಲಿಲ್ಲ. ಅದು ದೇವರನ್ನು ಪರೀಕ್ಷಿಸುವ ಕೆಲಸವೆಂದರು. ಸ್ಕೂಟರಿನ ಮುಂದೆ ಸಂತರ ಚಿತ್ರ ಅಂಟಿಸಿ, ಹೆಲ್ಮೆಟ್ಟನ್ನು ಕನ್ನಡಿಗೆ ನೇತುಹಾಕಿ, "ಇಲ್ಲೇ ಚರ್ಚಿಗೆ ತಾನೇ" ಎಂದು ಹೊರಡುವ ನಮಗೆ ಈ ಪ್ರಸಂಗ ಸ್ವಲ್ಪ ಹತ್ತಿರದ್ದೇ!

ಈಗ ಧರ್ಮೋಪದೇಶಕಾಂಡದ 22ನೇ ಅಧ್ಯಾಯ ತೆರೆಯಿರಿ. ಎಂಟನೆಯ ವಚನದಲ್ಲಿ ಒಂದು ವಿಚಿತ್ರ ಆಜ್ಞೆ ಇದೆ. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಅಡ್ಡಗೋಡೆ ಕಟ್ಟಬೇಕು. ಇಲ್ಲದಿದ್ದರೆ ಅಲ್ಲಿಂದ ಯಾರಾದರೂ ಬಿದ್ದು ಸತ್ತಾಗ ರಕ್ತಾಪರಾಧ ಆ ಮನೆಯ ಮೇಲೆ ಬರುತ್ತದೆ. ಆ ನಾಡಿನ ಮನೆಗಳ ಮಾಳಿಗೆ ಸಮತಟ್ಟಾಗಿರುತ್ತಿತ್ತು. ರಹಾಬಳು ಗೂಢಚಾರರನ್ನು ಬಚ್ಚಿಟ್ಟದ್ದು ಮಾಳಿಗೆಯ ಮೇಲೆ ಹರಡಿದ್ದ ಅಗಸೆ ಕಡ್ಡಿಗಳ ಅಡಿಯಲ್ಲಿ. ಜೊಪ್ಪದಲ್ಲಿ ಪೇತ್ರನು ಪ್ರಾರ್ಥನೆಗೆ ಹತ್ತಿದ್ದೂ ಮಾಳಿಗೆಗೇ. ಜನ ಓಡಾಡುವ ಜಾಗವೆಂದು ಗೊತ್ತಿದ್ದ ಮೇಲೆ ಗೋಡೆ ಕಟ್ಟುವ ಹೊಣೆ ಯಜಮಾನನದು. ಇಲ್ಲಿ ಒಂದು ಅಂಶವನ್ನು ಗಮನಿಸಿ. ಬಿದ್ದವನು ಎಚ್ಚರದಿಂದ ಇದ್ದನೋ ಇಲ್ಲವೋ ಎಂದು ಈ ಆಜ್ಞೆ ಕೇಳುವುದೇ ಇಲ್ಲ. ನಾವಾದರೋ ಮೊದಲು ಕೇಳುವುದು ಅದನ್ನೇ: "ನೋಡಿಕೊಂಡು ನಡೆಯಬಾರದಿತ್ತೇ?"

ವಿಮೋಚನಕಾಂಡದ 21ನೇ ಅಧ್ಯಾಯದಲ್ಲಿ ಇನ್ನೊಂದು ನಿಯಮ. ಗುಂಡಿ ತೋಡಿ ಮುಚ್ಚದೆ ಬಿಟ್ಟವನು, ಅದರಲ್ಲಿ ಬಿದ್ದು ಸತ್ತ ಎತ್ತಿಗೋ ಕತ್ತೆಗೋ ಬೆಲೆ ತೆರಬೇಕು. ಪ್ರಾಣಿಗೇ ಇಷ್ಟು ಕಾಳಜಿ. ನಮ್ಮ ಹೊಲಗಳ ಕೊಳವೆಬಾವಿಗಳನ್ನು ನೆನೆಯಿರಿ. 2017ರ ಏಪ್ರಿಲ್‌ನಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಬಿದ್ದ ಪುಟ್ಟ ಹುಡುಗಿ ಬದುಕಿ ಬರಲಿಲ್ಲ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಬಿದ್ದ ಮಗುವನ್ನು ಸುಮಾರು 20 ಗಂಟೆ ಹೋರಾಡಿ ಜೀವಂತವಾಗಿ ಹೊರತೆಗೆದಾಗ ಇಡೀ ರಾಜ್ಯ ನಿಟ್ಟುಸಿರು ಬಿಟ್ಟಿತು. ಸುಪ್ರೀಂ ಕೋರ್ಟು 2010ರಲ್ಲೇ ಇದಕ್ಕೆ ನಿಯಮಗಳನ್ನು ಕೊಟ್ಟಿದೆ. ಕೊರೆಯುವಾಗ ಸುತ್ತ ಬೇಲಿ ಮತ್ತು ಫಲಕ ಇರಬೇಕು, ಕೇಸಿಂಗ್ ಪೈಪಿನ ಬಾಯಿಗೆ ಉಕ್ಕಿನ ತಟ್ಟೆ ಬೆಸೆಯಬೇಕು ಇಲ್ಲವೇ ಬೋಲ್ಟು ಬಿಗಿದ ಗಟ್ಟಿ ಮುಚ್ಚಳ ಹಾಕಬೇಕು, ನೀರು ಸಿಗದೆ ಕೈಬಿಟ್ಟದ್ದನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲುಗಳಿಂದ ತುಂಬಬೇಕು. ನೀರು ಸಿಗದ ರೈತನ ಸಂಕಟ ಯಾರಿಗೂ ತಿಳಿಯದ್ದಲ್ಲ. ಸಾಲ ಮಾಡಿ ಕೊರೆಸಿದವನಿಗೆ ಇನ್ನಷ್ಟು ಖರ್ಚು ಎಂದರೆ ಕಷ್ಟವೇ. ಆದರೂ ಬಾಯಿಗೆ ಗೋಣಿಚೀಲ ಮುಚ್ಚಿ, ಮೇಲೊಂದು ಕಲ್ಲು ಇಟ್ಟು, "ನಾಳೆ ನೋಡೋಣ" ಎಂದು ಬರುವುದು ಏನೂ ಮುಚ್ಚದಿರುವುದಕ್ಕಿಂತ ಹೆಚ್ಚು ಅಪಾಯ. ಮಗುವಿನ ಕಣ್ಣಿಗೆ ಅದು ನೆಲವೆಂದೇ ಕಾಣುತ್ತದೆ.

ಅದೇ ಅಧ್ಯಾಯದಲ್ಲಿ ಹಾಯುವ ಎತ್ತಿನ ಮಾತೂ ಬರುತ್ತದೆ. ಎತ್ತು ಮೊದಲ ಸಲ ಹಾಯ್ದು ಒಬ್ಬನನ್ನು ಕೊಂದರೆ ಯಜಮಾನ ನಿರಪರಾಧಿ. ಅದರ ಚಾಳಿ ಗೊತ್ತಿದ್ದು, ಜನ ಎಚ್ಚರಿಸಿದ್ದರೂ ಕಟ್ಟಿಹಾಕದಿದ್ದರೆ ಅವನು ತಲೆಯನ್ನೇ ತೆರಬೇಕಾಗಿತ್ತು. "ಇಷ್ಟು ವರ್ಷ ಏನೂ ಆಗಿಲ್ಲ" ಎನ್ನುವವರು ಎಚ್ಚರಿಕೆಯನ್ನು ಎಷ್ಟು ಸಲ ಕೇಳಿ ಮರೆತಿದ್ದಾರೆ? ತಂಪುಪಾನೀಯದ ಬಾಟಲಿಯಲ್ಲಿ ಸೀಮೆಎಣ್ಣೆ ಇಡುವುದು ಅಂಥದ್ದೇ. (ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಲು ಹೋಗಬೇಡಿ, ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ನೇರ ಆಸ್ಪತ್ರೆಗೆ ಕರೆದೊಯ್ಯಿರಿ.) ಹತ್ತನೇ ತರಗತಿಯ ಮಗ ಹಟ ಹಿಡಿದನೆಂದು ಬೈಕಿನ ಕೀಲಿ ಕೊಡುವುದೂ ಅಂಥದ್ದೇ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ ಅಪ್ರಾಪ್ತನು ಅಪರಾಧವೆಸಗಿದರೆ ಪೋಷಕರಿಗೆ ಇಲ್ಲವೇ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಸೆರೆ, ಜೊತೆಗೆ 25,000 ರೂಪಾಯಿ ದಂಡ. ಮೋಶೆಯ ನಿಯಮಕ್ಕೆ ಇದು ಎಷ್ಟು ಹತ್ತಿರವಿದೆ ನೋಡಿ.

"ನನ್ನ ಜೀವ, ನನ್ನಿಷ್ಟ" ಎನ್ನುವ ಯುವಕರಿಗೂ ಒಂದು ಮಾತು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಸತ್ಯೋಪದೇಶವು 2290ನೇ ಪರಿಚ್ಛೇದದಲ್ಲಿ, ಕುಡಿತದಿಂದಲೋ ವೇಗದ ಹುಚ್ಚಿನಿಂದಲೋ ತನ್ನ ಹಾಗೂ ಇತರರ ಜೀವವನ್ನು ಅಪಾಯಕ್ಕೊಡ್ಡುವುದು ಗಂಭೀರ ಅಪರಾಧವೆಂದು ಐದನೇ ಆಜ್ಞೆಯ ಅಡಿಯಲ್ಲಿ ಬೋಧಿಸುತ್ತದೆ. ಅಪಘಾತವೇ ಆಗದೆ ಮನೆ ಸೇರಿದರೂ ಈ ಮಾತು ಅನ್ವಯಿಸುತ್ತದೆ. ಪಾಪನಿವೇದನೆಗೆ ಮುನ್ನ ಆತ್ಮಶೋಧನೆ ಮಾಡುವಾಗ ನಮ್ಮಲ್ಲಿ ಎಷ್ಟು ಮಂದಿ ಬೈಕಿನ ವೇಗವನ್ನು ನೆನೆಯುತ್ತೇವೆ?

ಮರಳಿ ಮಾಳಿಗೆಗೆ ಬರೋಣ. ನಮ್ಮ ಊರುಗಳಲ್ಲಿ ಹೊಸ ಮನೆಗಳ ತಾರಸಿಯ ಮೇಲೆ ಮುಂದಿನ ಮಹಡಿಗೆಂದು ಬಿಟ್ಟ ಕಬ್ಬಿಣದ ಸರಳುಗಳು ನಿಂತಿರುತ್ತವೆ, ಅಡ್ಡಗೋಡೆ ಮಾತ್ರ ಇರುವುದಿಲ್ಲ. ಹಪ್ಪಳ ಒಣಹಾಕಲು ಅಮ್ಮ ಹತ್ತುತ್ತಾರೆ, ಗಾಳಿಪಟದ ಹಿಂದೆ ಮಕ್ಕಳು ಹತ್ತುತ್ತಾರೆ. ಮನೆಯ ಆಶೀರ್ವಾದಕ್ಕೆ ಗುರುಗಳನ್ನು ಕರೆಯುವ ಮುನ್ನ ನಾಲ್ಕು ಸಾಲು ಇಟ್ಟಿಗೆಯನ್ನಾದರೂ ಕಟ್ಟಿಸಿ. ಹಣವೆಲ್ಲ ಮುಗಿದಿದ್ದರೆ, ಕಟ್ಟುವವರೆಗೆ ಮೆಟ್ಟಿಲ ಬಾಗಿಲಿಗೆ ಬೀಗವಿರಲಿ, ಬೀಗದ ಕೈ ಮಕ್ಕಳಿಗೆಟುಕದ ಮೊಳೆಯಲ್ಲಿರಲಿ.