ಹಾಡು ಲಾಸ್‌ಲೆಸ್, ಹೆಸರು ಲಾಸ್!

ರಾಗಿಗುಡ್ಡದಿಂದ ಭದ್ರಾವತಿವರೆಗೆ ನಮ್ಮ ಕಡೆಯ ಮನೆಗಳಲ್ಲಿ ಹುಡುಕಿದರೆ ಭಾವಗೀತೆಯ ಒಂದಾದರೂ ಕ್ಯಾಸೆಟ್ ಇನ್ನೂ ಸಿಗುತ್ತೆ. ಅದನ್ನ ಲ್ಯಾಪ್‌ಟಾಪ್‌ಗೆ ಇಳಿಸೋದು ನಮಗೆ ದೊಡ್ಡ ಕೆಲಸವೇನಲ್ಲ. ಆದರೆ ಇಳಿಸಿದ ಮೇಲೆ ಫೈಲುಗಳು 'ಟ್ರ್ಯಾಕ್ 01', 'ಟ್ರ್ಯಾಕ್ 02' ಅಂತಲೇ ಉಳಿದುಬಿಡುತ್ತವೆ. ಧ್ವನಿಯ ಒಂದು ಬಿಟ್ ಕೂಡ ಕಳೆಯಬಾರದು ಅಂತ ಫ್ಲ್ಯಾಕ್ ಆರಿಸಿಕೊಳ್ಳುವ ನಾವು, ಕವಿಯ ಹೆಸರನ್ನೇ ಕಳೆದರೆ ಹೇಗೆ? ಈ ಪಾಠ ಅದರ ಬಗ್ಗೆ.

ಫ್ಲ್ಯಾಕ್ ಫೈಲಿನ ಒಳಗೆ

ಮೊದಲು ಲೆಕ್ಕ. ಸಿಡಿ ಗುಣಮಟ್ಟ ಎಂದರೆ ಸೆಕೆಂಡಿಗೆ 44,100 ಸ್ಯಾಂಪಲ್, ಪ್ರತಿ ಸ್ಯಾಂಪಲ್‌ಗೆ 16 ಬಿಟ್, ಚಾನೆಲ್ 2. ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್, ನಿಮಿಷಕ್ಕೆ ಸುಮಾರು 10.6 ಎಂಬಿ. 2001ರಲ್ಲಿ ಬಂದ ಫ್ಲ್ಯಾಕ್ ಇದನ್ನು ಏನೂ ಬಿಡದೆ ಕುಗ್ಗಿಸುತ್ತದೆ.

ಫೈಲಿನ ಆರಂಭದಲ್ಲಿ ಮೆಟಾಡೇಟಾ ಬ್ಲಾಕ್‌ಗಳು, ಆಮೇಲೆ ಆಡಿಯೋ ಫ್ರೇಮ್‌ಗಳು. ಟ್ಯಾಗ್‌ಗಳಿರೋದು ವೋರ್ಬಿಸ್ ಕಾಮೆಂಟ್ ಎಂಬ ಬ್ಲಾಕಿನಲ್ಲಿ, 'ಹೆಸರು = ಮೌಲ್ಯ' ಎಂಬ ರೂಪದಲ್ಲಿ. ಹೆಸರಿನ ಭಾಗ ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು. ಮೌಲ್ಯ ಯುಟಿಎಫ್-8, ಅಂದರೆ ಕನ್ನಡದಲ್ಲಿ ಆರಾಮಾಗಿ ಬರೆಯಬಹುದು. ಒಂದೇ ಫೀಲ್ಡನ್ನು ಎಷ್ಟು ಸಲ ಬೇಕಾದರೂ ಬಳಸಬಹುದು. ಇಬ್ಬರು ಹಾಡಿದ್ದರೆ ಆರ್ಟಿಸ್ಟ್ ಫೀಲ್ಡ್ ಎರಡು ಸಲ ಬರಲಿ. ನಡುವೆ ಕಾಮಾ ಹಾಕಿ ಒಂದೇ ಹೆಸರು ಮಾಡೋದು ಬೇಡ.

ಟ್ಯಾಗ್ ತಿದ್ದಿದರೆ ಧ್ವನಿ ಕೆಡುತ್ತಾ? ಇಲ್ಲ. ಅದು ಬೇರೆ ಬ್ಲಾಕು. ಮೂಲ ಆಡಿಯೋದ ಎಂಡಿ5 ಸಂಖ್ಯೆಯನ್ನು ಎನ್‌ಕೋಡರ್ ಫೈಲಿನಲ್ಲೇ ಬರೆದಿಡುತ್ತದೆ. ತಿದ್ದುವ ಮೊದಲು ಒಮ್ಮೆ, ಆಮೇಲೆ ಒಮ್ಮೆ ಫ್ಲ್ಯಾಕ್‌ನ ಟೆಸ್ಟ್ ಆದೇಶ ಓಡಿಸಿದರೆ ಧ್ವನಿ ಹಾಗೇ ಇದೆಯೇ ಎಂದು ನೀವೇ ನೋಡಬಹುದು.

ಒಂದು ಹಾಡಿಗೆ ಮೂರು ಜನ

ಹೆಚ್ಚಿನ ಪ್ಲೇಯರ್‌ಗಳು ತೋರಿಸೋದು ಹಾಡಿನ ಹೆಸರು, ಆರ್ಟಿಸ್ಟ್, ಆಲ್ಬಂ ಇಷ್ಟೇ. ನಮ್ಮ ಸುಗಮ ಸಂಗೀತಕ್ಕೆ ಇದು ಸಾಲದು. ಬರೆದವರು ಒಬ್ಬರು, ರಾಗ ಹಾಕಿದವರು ಇನ್ನೊಬ್ಬರು, ಹಾಡಿದವರು ಮತ್ತೊಬ್ಬರು. 'ನಿತ್ಯೋತ್ಸವ'ವನ್ನೇ ತಗೊಳ್ಳಿ. ಕವಿ ಕೆ.ಎಸ್. ನಿಸಾರ್ ಅಹಮದ್, ನಮ್ಮೂರಿನ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಹೇಳಿದವರು. ಸಂಗೀತ ಮೈಸೂರು ಅನಂತಸ್ವಾಮಿ. ಆ ಕವಿತೆಯನ್ನು ಹಾಡಿದವರು ಅನೇಕರು. ಆರ್ಟಿಸ್ಟ್ ಫೀಲ್ಡ್ ಒಂದನ್ನೇ ತುಂಬಿದರೆ ಕವಿ, ಸಂಗೀತಗಾರ ಇಬ್ಬರೂ ಮಾಯ.

ಇನ್ನೊಂದು ಉದಾಹರಣೆ 'ಕಾಡು ಕುದುರೆ' ಚಿತ್ರದ ಶೀರ್ಷಿಕೆ ಗೀತೆ. ಹಾಡಿದ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಹಾಡು ಅದು. ಅದರ ಟ್ಯಾಗ್ ಹೀಗಿರಬೇಕು:

ಟೈಟಲ್ = ಕಾಡು ಕುದುರೆ (ಶೀರ್ಷಿಕೆ ಗೀತೆ)
ಆರ್ಟಿಸ್ಟ್ = ಶಿವಮೊಗ್ಗ ಸುಬ್ಬಣ್ಣ
ಲಿರಿಸಿಸ್ಟ್ = ಚಂದ್ರಶೇಖರ ಕಂಬಾರ
ಕಂಪೋಸರ್ = ಚಂದ್ರಶೇಖರ ಕಂಬಾರ
ಆಲ್ಬಂ = ಕಾಡು ಕುದುರೆ

ಸಾಹಿತ್ಯ, ಸಂಗೀತ ಎರಡೂ ಒಬ್ಬರದೇ ಆದರೂ ಎರಡು ಫೀಲ್ಡನ್ನೂ ತುಂಬಿ. ನಾಳೆ 'ಕಂಬಾರರ ಸಂಗೀತ' ಅಂತ ಹುಡುಕುವವರಿಗೆ ಹಾಡು ಸಿಗೋದು ಆಗ ಮಾತ್ರ.

ಒಂದೇ ಹೆಸರು, ಹಲವು ರೂಪ

ನಮ್ಮ ಊರಿನ ಹೆಸರು 2014ರ ನವೆಂಬರ್ 1ರಂದು ಅಧಿಕೃತವಾಗಿ ಶಿಮೊಗ್ಗದಿಂದ ಶಿವಮೊಗ್ಗ ಆಯಿತು. ಸುಬ್ಬಣ್ಣನವರ ಹೆಸರು ಎರಡೂ ರೂಪದಲ್ಲಿ ಸಿಗುತ್ತೆ. ಇಂಗ್ಲಿಷ್ ಅಕ್ಷರದಲ್ಲಿ ಇನ್ನೂ ಒಂದೆರಡು ರೂಪ. ನಮಗೆ ಎಲ್ಲರೂ ಒಬ್ಬರೇ, ಕಂಪ್ಯೂಟರ್‌ಗೆ ನಾಲ್ಕು ಜನ ಗಾಯಕರು! ಆದ್ದರಿಂದ ಕೆಲಸ ಶುರು ಮಾಡುವ ಮೊದಲೇ ಒಂದು ಪಟ್ಟಿ ಮಾಡಿ, ಯಾರ ಹೆಸರನ್ನು ಹೇಗೆ ಬರೆಯಬೇಕು ಅಂತ ತೀರ್ಮಾನಿಸಿ, ಅದನ್ನೇ ಪಾಲಿಸಿ.

ಇದರ ಉಲ್ಟಾ ಸಮಸ್ಯೆಯೂ ಇದೆ. ರಾಗಿಗುಡ್ಡ ಎಂದರೆ ಬೆಂಗಳೂರಿನವರಿಗೆ ಜಯನಗರದ ಆಂಜನೇಯ ದೇವಸ್ಥಾನ, ನಮಗೆ ಶಿವಮೊಗ್ಗದ ಬಡಾವಣೆ. ಬಡಾವಣೆಯ ಗಣಪತಿ ಪೆಂಡಾಲಿನಲ್ಲಿ ರೆಕಾರ್ಡ್ ಮಾಡಿದ ಹಾಡಿಗೆ ಲೊಕೇಶನ್ ಫೀಲ್ಡಿನಲ್ಲಿ ಬರೀ 'ರಾಗಿಗುಡ್ಡ' ಸಾಲದು. 'ರಾಗಿಗುಡ್ಡ, ಶಿವಮೊಗ್ಗ' ಇರಲಿ. ಒಂದೇ ಹೆಸರಿನ ಇಬ್ಬರು ಗಾಯಕರಿದ್ದರೂ ಇದೇ ಕಷ್ಟ. ಮ್ಯೂಸಿಕ್‌ಬ್ರೇನ್ಸ್ ಎಂಬ ಮುಕ್ತ ದತ್ತಸಂಚಯ ಪ್ರತಿ ಕಲಾವಿದರಿಗೂ ಬೇರೆ ಬೇರೆ ಗುರುತುಸಂಖ್ಯೆ ಕೊಡೋದು ಅದಕ್ಕೇ. ಅಲ್ಲಿ 'ಕೃತಿ' ಬೇರೆ, 'ಧ್ವನಿಮುದ್ರಣ' ಬೇರೆ. ಕೃತಿ ಒಂದು, ಹಾಡಿದ ರೂಪಗಳು ನೂರು. ನಮ್ಮ ಭಾವಗೀತೆಗೆ ಹೇಳಿ ಮಾಡಿಸಿದ ಹಾಗಿದೆ.

ಕಣ್ಣಿಗೆ ಕಾಣದ ವ್ಯತ್ಯಾಸವೂ ಒಂದಿದೆ. 'ಜೋಗ' ಪದದ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಮೂರು ಬಿಡಿ ಸಂಕೇತ ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಬೈಟ್‌ಗಳು ಬೇರೆ, ಹುಡುಕಿದರೆ ಒಂದು ಸಿಗುತ್ತೆ, ಇನ್ನೊಂದು ಸಿಗದೇ ಹೋಗಬಹುದು. ಎಲ್ಲ ಟ್ಯಾಗನ್ನೂ ಎನ್‌ಎಫ್‌ಸಿ ರೂಪಕ್ಕೆ ತನ್ನಿ. ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲ್‌ನಲ್ಲಿ ಇದಕ್ಕೆ ಸಿದ್ಧ ಫಂಕ್ಷನ್ ಇದೆ.

ಮಾಡುವ ಕ್ರಮ

1. ಕ್ಯಾಸೆಟ್ಟಿನ ಒಳಕಾಗದದ ಎರಡೂ ಬದಿಯ ಫೋಟೋ ತೆಗೆಯಿರಿ. ಫೋಟೋವನ್ನೂ ಫ್ಲ್ಯಾಕ್ ಒಳಗೇ ಸೇರಿಸಬಹುದು.
2. ಮೂಲ ಫೈಲುಗಳ ಒಂದು ಪ್ರತಿ ಬೇರೆ ಡಿಸ್ಕಿನಲ್ಲಿಡಿ.
3. ಎಂಪಿ3ಟ್ಯಾಗ್, ಕಿಡ್3 ಅಥವಾ ಮ್ಯೂಸಿಕ್‌ಬ್ರೇನ್ಸ್ ಪಿಕಾರ್ಡ್‌ನಲ್ಲಿ ಟ್ಯಾಗ್ ತುಂಬಿ. ಪಿಕಾರ್ಡ್ ಹಾಡಿನ ಧ್ವನಿಯಿಂದಲೇ ಗುರುತು ಹಿಡಿಯಲು ನೋಡುತ್ತೆ. ಅದು ಕೊಟ್ಟ ಉತ್ತರವನ್ನು ಕಾಗದದ ಜೊತೆ ಹೋಲಿಸದೆ ಉಳಿಸಬೇಡಿ.
4. ಇಸವಿ ಗೊತ್ತಿಲ್ಲದಿದ್ದರೆ ಖಾಲಿ ಬಿಡಿ. ಖಾಲಿ ಜಾಗವನ್ನು ಮುಂದೆ ಯಾರಾದರೂ ತುಂಬುತ್ತಾರೆ. ಊಹೆಯ ಇಸವಿಯನ್ನು ಎಲ್ಲರೂ ನಂಬಿಬಿಡ್ತಾರೆ.
5. ಧ್ವನಿ ಎಲ್ಲಿಂದ ಬಂತು (ಯಾವ ಕ್ಯಾಸೆಟ್, ಯಾವ ಬದಿ, ಇಳಿಸಿದ ದಿನ) ಅನ್ನೋದನ್ನು ಕಾಮೆಂಟ್ ಫೀಲ್ಡಿನಲ್ಲಿ ಬರೆಯಿರಿ.
6. ಫೈಲ್ ಹೆಸರನ್ನು ಕೊನೆಗೆ, ಟ್ಯಾಗ್‌ನಿಂದಲೇ ತಯಾರಿಸಿ.

ಅಂಗಡಿಯಲ್ಲಿ ಸಿಕ್ಕ ಆಲ್ಬಂನ ವಿವರವನ್ನು ಇನ್ನೊಬ್ಬರು ಎಲ್ಲಾದರೂ ಬರೆದಿರಬಹುದು. ಆದರೆ ಮನೆಯ ಮದುವೆಯಲ್ಲಿ ರೆಕಾರ್ಡ್ ಮಾಡಿದ ಸೋಬಾನೆ, ನಮ್ಮ ಕಾಲೇಜಿನ ರಾಜ್ಯೋತ್ಸವದ ಹಾಡು, ಇವು ಯಾವ ದತ್ತಸಂಚಯದಲ್ಲೂ ಇಲ್ಲ. ಟೇಪ್ ಚೆನ್ನಾಗಿದ್ದರೆ ಅದನ್ನ ಮತ್ತೊಮ್ಮೆ ಇಳಿಸಬಹುದು. 'ಈ ದನಿ ನಮ್ಮ ದೊಡ್ಡಮ್ಮಂದು' ಅಂತ ಗುರುತು ಹಿಡಿಯುವವರು ಎಲ್ಲ ಕಾಲಕ್ಕೂ ಸಿಗಲ್ಲ.

ಈ ರಜೆಗೆ ಅಭ್ಯಾಸ: ಮನೆಯ ಒಂದು ಕ್ಯಾಸೆಟ್ ತೆಗೆದುಕೊಳ್ಳಿ, ಹಿರಿಯರ ಪಕ್ಕ ಕೂತು ಒಂದೊಂದೇ ಹಾಡು ಕೇಳಿಸಿ, ಅವರು ಹೇಳಿದ ಹೆಸರುಗಳನ್ನು ಅಲ್ಲೇ ಟೈಪ್ ಮಾಡಿ.